ನೇಮದ ಅಂಗಳದಲ್ಲಿ ಫ್ಲ್ಯಾಶ್ ಬೇಡ

ಸಂಪಾದಕರಿಗೆ,

ಮಾನ್ಯರೇ,

ದೀಪಾವಳಿ ಕಳೆದು ತುಳುನಾಡಿನಲ್ಲಿ ಮತ್ತೆ ದೈವಾರಾಧನೆಯ ನೇಮ, ಕೋಲಗಳು ಶುರುವಾಗಿವೆ. ಈ ಋತು ಮುಗಿಯುವ, ಮೇ ಕೊನೆಯ ವಾರದ ಪತ್ತನಾಜೆಯವರೆಗೂ ಒಂದಲ್ಲ ಒಂದು ಊರಿನಲ್ಲಿ ರಾತ್ರಿಯಿಡೀ ದೊಂದಿ ಉರಿಯುತ್ತಿರುತ್ತದೆ. ಕ್ಯಾಮೆರಾ ಹಿಡಿದು ಬರುವ ಹವ್ಯಾಸಿಗಳೂ ಹೆಚ್ಚುತ್ತಿದ್ದಾರೆ. ಅದು ಸಂತೋಷವೇ. ಆದರೆ ನರ್ತಕರ ಮೈಮೇಲೆ ಬಂದ ದೈವ ಗಿರಗಿರನೆ ತಿರುಗುವ ಹೊತ್ತಿಗೆ ನಾಲ್ಕೂ ದಿಕ್ಕಿನಿಂದ ಫ್ಲ್ಯಾಶ್ ಮಿಂಚುವುದು ನಿಲ್ಲಬೇಕು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಹತ್ತಿರದಿಂದ ಆ ಬೆಳಕು ಬಿದ್ದರೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಬೆನ್ನಿಗೆ ಎತ್ತರದ ಅಲಂಕಾರದ ಚೌಕಟ್ಟಾದ ಅಣಿ, ಕಾಲಿಗೆ ಗೆಜ್ಜೆಯಂಥ ಗಗ್ಗರ, ಕೈಯಲ್ಲಿ ಉರಿಯುವ ದೊಂದಿ ಇರುವ ದೈವನರ್ತಕರಿಗೆ ಆ ಕ್ಷಣಗಳು ಅಪಾಯದವು.

ಚಿತ್ರದ ದೃಷ್ಟಿಯಿಂದಲೂ ಫ್ಲ್ಯಾಶ್ ನಷ್ಟದ ಬಾಬತ್ತು. ದೊಂದಿಯ ಕೆಂಬೆಳಕು ಸತ್ತುಹೋಗುತ್ತದೆ, ಹಿತ್ತಾಳೆಯ ಮೊಗ (ಮುಖವಾಡ) ಬಿಳಿ ಕಲೆಯಾಗುತ್ತದೆ, ಹಿನ್ನೆಲೆ ಕಪ್ಪು ಗೋಡೆಯಾಗುತ್ತದೆ. ದೊಂದಿಯ ಬೆಳಕೊಂದೇ ಇದ್ದಾಗ ಎಫ್ 1.8ರ ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಬೆಳಕಿನ ಸೂಕ್ಷ್ಮತೆಯ ಐಎಸ್‌ಒ 3200, ಶಟರ್ 1/125 ಸೆಕೆಂಡ್ ಇಟ್ಟುಕೊಂಡು ಆರಂಭಿಸಿ. ಅಂಗಳದಲ್ಲಿ ಎಲ್‌ಇಡಿ ದೀಪಗಳಿದ್ದರೆ ಎಫ್ 2.8, 1/250 ಕೂಡ ಸಾಧ್ಯ. 50 ಅಥವಾ 85 ಎಂಎಂನ 1.8 ಲೆನ್ಸ್ ದುಬಾರಿ ಜೂಮ್‌ಗಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಣಿ ಪೂರ್ತಿ ಬೇಕಾದಾಗ 35 ಎಂಎಂ ಹಾಕಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿಯಿರಿ. ಫೋಕಸ್‌ಗೆಂದು ಕ್ಯಾಮೆರಾ ತಾನಾಗಿ ಹೊತ್ತಿಸುವ ಸಣ್ಣ ದೀಪವನ್ನೂ ಮೆನುವಿನಲ್ಲಿ ಆರಿಸಿಬಿಡಿ. ಫ್ಲ್ಯಾಶ್ ಆರಿಸಿದವರೂ ಇದನ್ನು ಮರೆಯುತ್ತಾರೆ.

ಹೆಚ್ಚಿನ ಚಿತ್ರಗಳು ಕೆಡುವುದು ಕ್ಯಾಮೆರಾದ ಬೆಳಕಳೆಯುವ ಮೀಟರ್ ನಂಬಿ. ಸುತ್ತಲಿನ ಕತ್ತಲೆಯನ್ನು ಕಂಡು ಕ್ಯಾಮೆರಾ ಬೆಳಕು ಸಾಲದೆಂದು ತಿಳಿಯುತ್ತದೆ. ಪರಿಣಾಮವಾಗಿ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ ಮಾಡಿಕೊಳ್ಳಿ. ಮುಖಕ್ಕೆ ಬಳಿದ ಅರದಾಳದ ಹಳದಿಯ ಮೇಲೆ ಬೆಂಕಿಯ ಬೆಳಕು ಬಿದ್ದಾಗ ಕೆಂಪು ಚಾನೆಲ್ ಹಸಿರು, ನೀಲಿಗಿಂತ ಮೊದಲೇ ತುಂಬಿ ಹರಿಯುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಂ ನಕ್ಷೆ ಸರಿಯಿದ್ದಂತೆ ತೋರಿದರೂ ಮುಖದ ಸೂಕ್ಷ್ಮ ಬಣ್ಣಗೆರೆಗಳು ಅಳಿಸಿಹೋಗಿರುತ್ತವೆ. ಮೂರೂ ಬಣ್ಣಗಳ ಹಿಸ್ಟೋಗ್ರಾಂ ತೆರೆದು, ಕೆಂಪು ಬಲ ಅಂಚಿಗೆ ತಾಗಿದ್ದರೆ ಇನ್ನೂ ಸ್ವಲ್ಪ ಇಳಿಸಿ. ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಬೇಡ. ದೈವ ದೊಂದಿಯ ಬಳಿಯಿಂದ ಎಲ್‌ಇಡಿಯತ್ತ ಸರಿದಂತೆ ಅದು ಬಣ್ಣವನ್ನು ಚಿತ್ರದಿಂದ ಚಿತ್ರಕ್ಕೆ ಬದಲಿಸುತ್ತದೆ, ಅದೇ ಹಳದಿ ಒಮ್ಮೆ ಹಸಿರಾಗಿ, ಒಮ್ಮೆ ಕಿತ್ತಳೆಯಾಗಿ ಕಾಣುತ್ತದೆ. 3500 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿ, ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ರಾ ಫೈಲ್‌ನಲ್ಲಿ ತೆಗೆಯಿರಿ.

ಸದ್ದಾಗಬಾರದೆಂದು ಸೈಲೆಂಟ್ ಶಟರ್ ಬಳಸುವವರ ಚಿತ್ರಗಳಲ್ಲಿ ಅಡ್ಡಪಟ್ಟಿಗಳು ಬರುವುದು ಈಗ ಸಾಮಾನ್ಯ ದೂರು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಸಾಲು ಸಾಲಾಗಿ ಓದುವ ಸೆನ್ಸರ್‌ನಲ್ಲಿ ಆ ಮಿಣುಕು ಪಟ್ಟಿಯಾಗಿ ಮೂಡುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಹೋಗುತ್ತದೆ. ಆಗ ಚಲನೆ ಮಸುಕಾಗುತ್ತದಲ್ಲ ಎನ್ನಬಹುದು. ಕುಣಿತಕ್ಕೆ ತನ್ನದೇ ನಿಲುಗಡೆಗಳಿವೆ. ತಾಸೆ, ಡೋಲಿನ ಪೆಟ್ಟು ಏರಿ ಒಂದು ಸುತ್ತು ಮುಗಿಯುವಲ್ಲಿ ದೈವ ಅರೆಕ್ಷಣ ನಿಲ್ಲುತ್ತದೆ. ಮುಖ ಸ್ಥಿರ, ಸೊಂಟದ ತಿರಿ (ತೆಂಗಿನ ಎಳೆಗರಿಯ ಉಡುಗೆ) ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಅಲ್ಲಿ ಒತ್ತಿದ ಚಿತ್ರಕ್ಕೆ ಇರುವ ಜೀವ 1/1000ದಲ್ಲಿ ಹೆಪ್ಪುಗಟ್ಟಿದ ಚಿತ್ರಕ್ಕಿಲ್ಲ. ಅದಕ್ಕೆ ಕಣ್ಣಿಗಿಂತ ಕಿವಿ ಚುರುಕಾಗಿರಬೇಕು.

ಮೊಬೈಲಿನವರು ನೈಟ್ ಮೋಡ್ ಬಿಡುವುದು ಒಳ್ಳೆಯದು. ಅದು ಹಲವು ಚಿತ್ರಗಳನ್ನು ಬೆಸೆಯುವುದರಿಂದ ತಿರುಗುವ ಅಣಿ ಎರಡೆರಡಾಗಿ ಕಾಣುತ್ತದೆ. ಮುಖ್ಯ ಲೆನ್ಸಿನಲ್ಲೇ ಇದ್ದು, ಮುಖದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಗೆಳೆಯಿರಿ. ದೊಂದಿಯ ಎಣ್ಣೆಹೊಗೆ ಲೆನ್ಸಿಗೆ ಮೆತ್ತಿ ಬೆಳಕೆಲ್ಲ ಹರಡಿದಂತಾಗುತ್ತದೆ, ಆಗಾಗ ಒಣಬಟ್ಟೆಯಿಂದ ಒರೆಸಿ. ಎ.ಸಿ. ಕಾರಿನಿಂದ ಇಳಿದವರ ಲೆನ್ಸ್ ಕರಾವಳಿಯ ಸೆಕೆಗೆ ಕೂಡಲೇ ಮಂಜಾಗುತ್ತದೆ. ಕ್ಯಾಮೆರಾ ಚೀಲವನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಇನ್ನು ನಿಲ್ಲುವ ಜಾಗ. ಗುತ್ತಿನ (ಊರಿನ ಹಳೆಯ ಮನೆತನದ) ಯಜಮಾನರನ್ನೋ ಸಮಿತಿಯವರನ್ನೋ ಮೊದಲೇ ಕೇಳಿ. ದೈವಕ್ಕೂ ಗುಡಿಗೂ ನಡುವಿನ ದಾರಿಗೆ ಯಾವ ಕಾರಣಕ್ಕೂ ಅಡ್ಡ ನಿಲ್ಲಬಾರದು. ಅಣಿ ಬೀಸುವ ಸುತ್ತಳತೆ ಬಿಟ್ಟು ಬದಿಯಿಂದ ತೆಗೆದರೆ ಅಣಿಯೂ ಮುಖವೂ ಒಟ್ಟಿಗೆ ಸಿಗುತ್ತವೆ. ಬಣ್ಣ ಹಚ್ಚುವಲ್ಲಿಗೆ ದೈವನರ್ತಕರ ಒಪ್ಪಿಗೆಯಿಲ್ಲದೆ ನುಗ್ಗಬೇಡಿ. ಮುಖ್ಯವಾಗಿ, ದೈವದ ನುಡಿಯ ಹೊತ್ತಿಗೆ ಕ್ಯಾಮೆರಾ, ಮೊಬೈಲ್ ಎರಡೂ ಕೆಳಗಿಳಿಯಬೇಕು. ಜನ ಆಗ ಮನೆಯ ಕಾಯಿಲೆ, ಜಾಗದ ತಕರಾರು, ಅಣ್ಣತಮ್ಮಂದಿರ ಮನಸ್ತಾಪವನ್ನು ದೈವದ ಮುಂದೆ ಹೇಳಿಕೊಳ್ಳುತ್ತಾರೆ. ಆ ಮಾತು ಬೆಳಗಾಗುವುದರೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದರೆ ಹೇಳಿಕೊಂಡವರಿಗೆ ಮಾಡಿದ ದ್ರೋಹವದು. ಡ್ರೋನ್ ಬೇಡವೇ ಬೇಡ. ಅದರ ಗುಂಯ್‌ಗುಟ್ಟುವಿಕೆಯಲ್ಲಿ ತೆಂಬರೆಯೆಂಬ ಚರ್ಮವಾದ್ಯದ ನಾದವೂ ದೈವದ ಕಥೆ ಹಾಡುವ ಪಾಡ್ದನವೂ ಮುಳುಗಿಹೋಗುತ್ತವೆ.

ಆಯೋಜಕರು ಅಂಗಳದ ಒಂದು ಬದಿಯಲ್ಲಿ ಹಗ್ಗ ಕಟ್ಟಿ ಛಾಯಾಗ್ರಾಹಕರಿಗೆ ಜಾಗ ಮಾಡಿಕೊಟ್ಟು, ಫ್ಲ್ಯಾಶ್ ಬಳಸಬಾರದೆಂದು ಮೈಕಿನಲ್ಲಿ ಆರಂಭದಲ್ಲೇ ಹೇಳಿದರೆ ಅರ್ಧ ಗಲಾಟೆ ತಪ್ಪುತ್ತದೆ. ತಮ್ಮ ಪತ್ರಿಕೆಗೂ ಒಂದು ವಿನಂತಿ: ಓದುಗರು ಕಳಿಸುವ ಚಿತ್ರಗಳನ್ನು ‘ಭೂತಕೋಲದ ಒಂದು ದೃಶ್ಯ’ ಎಂದಷ್ಟೇ ಹಾಕದೆ, ಪಂಜುರ್ಲಿಯೋ ಜುಮಾದಿಯೋ ಗುಳಿಗನೋ ಎಂದು ದೈವದ ಹೆಸರನ್ನೂ ಊರನ್ನೂ, ಒಪ್ಪಿಗೆಯಿದ್ದರೆ ದೈವನರ್ತಕರ ಹೆಸರನ್ನೂ ಕೇಳಿ ಪಡೆದು ಪ್ರಕಟಿಸಿ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಓದುಗರ ಚಿತ್ರಗಳ ಅಂಕಣದ ಕೆಳಗೆ ಒಂದು ಸಾಲು ಸೇರಿಸಿ.

ಇತಿ,
ಹವ್ಯಾಸಿ ಛಾಯಾಗ್ರಾಹಕರು, ಮೂಡುಬಿದಿರೆ