ಬೋಧನೆ ಬರೆಯಹೊರಟವರಿಗೆ

ಪ್ರಿಯ ಮಿತ್ರರೇ,

ಜನರ ಮನಸ್ಸು ತಿದ್ದುವಂಥದ್ದು ಬರೆಯಬೇಕು ಎಂದಿದ್ದೀರಿ. ಆಸೆ ಒಳ್ಳೆಯದೇ. ಆದರೆ ಈ ಪ್ರಕಾರದಲ್ಲಿ ಕೆಟ್ಟದಾಗಿ ಬರೆಯುವುದು ತೀರಾ ಸುಲಭ. ‘ಸತ್ಯ ಹೇಳಬೇಕು’ ಎಂದರೆ ಯಾರು ಎದುರಾಡುತ್ತಾರೆ? ಹೌದು ಹೌದು ಎಂದು ತಲೆದೂಗಿ ಎದ್ದು ಹೋಗುತ್ತಾರೆ. ಆ ತಲೆದೂಗುವಿಕೆಯನ್ನು ನಂಬಬೇಡಿ.

ಮೊದಲ ಕರಡು ಮುಗಿದ ಮೇಲೆ ಎರಡು ಬಣ್ಣದ ಪೆನ್ನು ಹಿಡಿದು ಕೂರಿ. ಒಂದರಲ್ಲಿ ‘ಬೇಕು’, ‘ಬಾರದು’, ‘ಬೇಕಾಗಿದೆ’ಗಳಿಗೆ ಗೆರೆ ಎಳೆಯಿರಿ. ಇನ್ನೊಂದರಲ್ಲಿ ಮಾನವೀಯತೆ, ಉದಾರತೆ, ಸಹನಶೀಲತೆಯಂಥ ಪದಗಳ ದಂಡಿಗೆ. ಪುಟಕ್ಕೆ ಎರಡು ‘ಬೇಕು’ ಸಾಕು. ಮೂರನೆಯದಕ್ಕೆ ಓದುಗ ಪುಟ ಮಗುಚಿರುತ್ತಾನೆ.

‘ಕ್ಷಮಾಶೀಲತೆಯನ್ನು ನಾವೆಲ್ಲ ಬೆಳೆಸಿಕೊಳ್ಳಬೇಕಾಗಿದೆ’ ಎಂಬ ವಾಕ್ಯ ನೋಡಿ. ಯಾರು ಯಾರನ್ನು, ಯಾವುದಕ್ಕಾಗಿ ಕ್ಷಮಿಸಬೇಕು? ಅದನ್ನು ಹೀಗೆ ತಿದ್ದಿ: ‘ನಿಮ್ಮ ಬಗ್ಗೆ ಇಲ್ಲಸಲ್ಲದ್ದು ಆಡಿದವನು ದಾರಿಯಲ್ಲಿ ಎದುರಾದರೆ, ಮೊಬೈಲು ನೋಡುವ ನಾಟಕ ಬಿಟ್ಟು ಒಮ್ಮೆ ಮಾತಾಡಿಸಿ. ಮನೆಗೆ ಕರೆಯಬೇಕೆಂದಿಲ್ಲ. ಗುಟ್ಟು ಬಿಟ್ಟುಕೊಡುವುದಂತೂ ಬೇಡವೇ ಬೇಡ.’ ಈಗ ಅಲ್ಲಿ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೊಂದು ಮಿತಿಯೂ ಇದೆ. ಮಿತಿ ಹೇಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮನೆಯಲ್ಲಿ ದಿನವೂ ಏಟು ತಿನ್ನುವ ಹೆಂಗಸೂ ನಿಮ್ಮ ಲೇಖನ ಓದಬಹುದು. ಮಿತಿ ಇಲ್ಲದ ಕ್ಷಮೆಯ ಪಾಠ ಅವಳ ಕಿವಿಗೆ ‘ಇನ್ನಷ್ಟು ಸಹಿಸಿಕೋ’ ಎಂದೇ ಕೇಳಿಸುತ್ತದೆ.

ಬೈಗುಳ ಯಾರ ಮೇಲೆ ಬೀಳಬೇಕೆಂಬುದನ್ನು 12ನೇ ಶತಮಾನದ ವಚನಕಾರರಿಂದ ಕಲಿಯಿರಿ. ಬಸವಣ್ಣನವರ ಎಷ್ಟೋ ವಚನಗಳಲ್ಲಿ ಏಟು ತಿನ್ನುವುದು ‘ಎನ್ನ ಮನ’. ಓದುಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ, ತನ್ನನ್ನು ಸಮರ್ಥಿಸಿಕೊಳ್ಳುವ ತುರ್ತು ಅವನಿಗಿರುವುದಿಲ್ಲ. ಇದನ್ನು ಹುಸಿ ವಿನಯವಾಗಿ ಬಳಸಿದರೆ ಮಾತ್ರ ಕೂಡಲೇ ಸಿಕ್ಕಿಬೀಳುತ್ತೀರಿ.

ವಚನ ಉಲ್ಲೇಖಿಸುವಾಗ ಅಂಕಿತ, ಅಂದರೆ ವಚನಕಾರರು ತಮ್ಮ ಗುರುತಾಗಿ ಬಳಸುವ ದೇವರ ಹೆಸರು, ನೋಡಿ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ. ಅಂಕಿತ ಇದ್ದಮಾತ್ರಕ್ಕೆ ಸಾಲದು, ಬೇರೆಯವರು ಆಮೇಲೆ ಸೇರಿಸಿದ ಪ್ರಕ್ಷಿಪ್ತಗಳೂ ಇವೆ. ಸಂಪಾದಿತ ಸಂಪುಟದಲ್ಲಿ ಸಿಕ್ಕರಷ್ಟೇ ಬಳಸಿ. ಸರ್ವಜ್ಞನ ಹೆಸರಿನಲ್ಲಂತೂ ಯಾರು ಯಾರೋ ಕಟ್ಟಿದ ತ್ರಿಪದಿಗಳು ಓಡಾಡುತ್ತಿವೆ. ವಾಟ್ಸಾಪಿನಲ್ಲಿ ಬಂದದ್ದನ್ನು ಮುಟ್ಟಲೇಬೇಡಿ.

ದೃಷ್ಟಾಂತ ಕಥೆಗಳಲ್ಲಿ ಪ್ರಾಮಾಣಿಕನಿಗೆ ಕೊನೆಗೆ ಬಹುಮಾನ ಕೊಡಿಸುವ ಚಾಳಿ ಬಿಡಿ. ಹಾಗೆ ಮಾಡಿದರೆ ಮಗು ಕಲಿಯುವುದು ಲಾಭದ ಲೆಕ್ಕ. ಅವನು ಏನನ್ನಾದರೂ ಕಳೆದುಕೊಳ್ಳಲಿ, ಕಳೆದುಕೊಂಡದ್ದು ನಿಜಕ್ಕೂ ನೋಯಲಿ. ಮೋಸಗಾರನಿಗೂ ಒಪ್ಪುವಂಥ ಕಾರಣವೊಂದಿರಲಿ. ಬಾಡಿಗೆ ಕಟ್ಟಲಾಗದೆ ಸುಳ್ಳು ಲೆಕ್ಕ ಬರೆದವನಲ್ಲಿ ಓದುಗ ತನ್ನನ್ನು ಕಾಣಬಲ್ಲ, ಹುಟ್ಟಾ ದುಷ್ಟನಲ್ಲಿ ಕಾಣಲಾರ. ಕೊನೆಗೆ ‘ನೀತಿ’ ಎಂಬ ಸಾಲಿದ್ದರೆ ಹೊಡೆದುಹಾಕಿ. ಅದಿಲ್ಲದೆ ಕಥೆ ಅರ್ಥವಾಗದಿದ್ದರೆ ಕಥೆಯ ನಡುವೆ ಎಲ್ಲೋ ಕೊಂಡಿ ತಪ್ಪಿದೆ, ಅಲ್ಲಿ ರಿಪೇರಿ ಮಾಡಿ.

ಸಾವು, ಕಾಯಿಲೆಗಳಲ್ಲಿರುವವರಿಗೆ ಬರೆಯುವಾಗ ‘ಆದದ್ದೆಲ್ಲ ಒಳ್ಳೆಯದಕ್ಕೇ’ ಎನ್ನುವ ಧೈರ್ಯ ಮಾಡಬೇಡಿ. ನೋವನ್ನು ಹೆಸರಿಟ್ಟು ಹೇಳಿ, ವಿವರಿಸಲು ಹೋಗಬೇಡಿ.

ಅಚ್ಚಿಗೆ ಕೊಡುವ ಮುನ್ನ, ನೀವು ತಿದ್ದಬೇಕೆಂದುಕೊಂಡಿರುವ ತಪ್ಪು ಇರುವವರೊಬ್ಬರಿಗೇ ಗಟ್ಟಿಯಾಗಿ ಓದಿ ಹೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಎಲ್ಲಿ ಬೈದಂತಾಯಿತು ಎಂದು ಕೇಳಿ. ಅವರು ತೋರಿಸಿದ ಸಾಲುಗಳನ್ನು ತಿದ್ದಿ ಮುಂದಿನ ಕರಡು ಕಳಿಸಿ, ನೋಡೋಣ.