ಇಂಟರ್ನ್‌ಶಿಪ್‌ಗೆ ಹುಡುಗರೇ ದುಡ್ಡು ಕಟ್ಟಬೇಕಾ? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬೆಳಗಾವಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ.

ಇಂಟರ್ನ್‌ಶಿಪ್ ವೈವಾ (ಮೌಖಿಕ ಪರೀಕ್ಷೆ) ಬಂತೆಂದರೆ ನನ್ನ ಮೇಜಿನ ಮೇಲೆ ರಿಪೋರ್ಟುಗಳ ರಾಶಿ. ಸ್ಪೈರಲ್ ಬೈಂಡಿಂಗ್, ಕಂಪನಿ ಸೀಲು, ಬಣ್ಣದ ಸರ್ಟಿಫಿಕೇಟು. ತೆರೆದು ನೋಡಿದರೆ ಎಷ್ಟೋ ರಿಪೋರ್ಟುಗಳ ಒಳಪುಟ ಒಂದೇ. ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಮಾತ್ರ ಬೇರೆ. ಅಲ್ಲಿ ಏನು ಮಾಡಿದೆಯಪ್ಪಾ ಎಂದು ಕೇಳಿದರೆ, "ಆನ್‌ಲೈನ್ ಇತ್ರಿ ಸರ್. ಫೀ ತುಂಬಿದ್ವಿ, ಸರ್ಟಿಫಿಕೇಟ್ ಮೇಲ್ ಮಾಡಿದ್ರು" ಎಂಬ ಉತ್ತರ.

ಕೆಲಸ ಕಲಿಯಲು ಬಂದವರಿಗೆ ಕಂಪನಿ ನಾಲ್ಕು ಕಾಸು ಕೊಡಬೇಕು. ಇಲ್ಲಿ ಉಲ್ಟಾ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇಂಟರ್ನ್‌ಶಿಪ್ ಕಡ್ಡಾಯ ಮಾಡಿದೆ, ಆ ಕ್ರೆಡಿಟ್ ಇಲ್ಲದೆ ಡಿಗ್ರಿ ಸಿಗುವುದಿಲ್ಲ. ಕಡ್ಡಾಯ ಮಾಡಿದ್ದು ಸರಿಯೇ. ಆದರೆ ಅಷ್ಟು ಜನಕ್ಕೆ ಜಾಗ ಹುಡುಕುವವರು ಯಾರು? ಕಾಲೇಜುಗಳಲ್ಲಿ ಕಂಪನಿಗಳ ಜೊತೆಗಿನ ಒಪ್ಪಂದಗಳಿಗೇನೂ (ಎಂಒಯು) ಬರವಿಲ್ಲ. ಶಾಲು, ಹಾರ, ಫೋಟೊ ಆದಮೇಲೆ ಆ ಫೈಲು ಹೊರಬರುವುದು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗಲೇ!

ಬೇಜಾರು ಯಾಕೆಂದರೆ, ವಿಟಿಯು ಕೇಂದ್ರ ಕಚೇರಿ ಇರುವ ಇದೇ ಊರಿನಲ್ಲಿ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆ. ಲೋಹದ ಎರಕ ಹೊಯ್ಯುವ ಫೌಂಡ್ರಿ, ಮಷೀನ್ ಶಾಪುಗಳು ಸಾಲುಸಾಲು. ಎರಕದೊಳಗೆ ತೂತು ಬಿದ್ದರೆ, ಮರಳಿನಲ್ಲಿ ತೇವ ಜಾಸ್ತಿಯಾಯ್ತಾ, ಗಾಳಿ ಹೋಗಲು ದಾರಿ ಇರಲಿಲ್ಲವಾ ಎಂದು ಮರಳಿನ ಅಚ್ಚು ಮಾಡುವ ಪಳಗಿದ ಮೋಲ್ಡರ್ ತುಂಡನ್ನು ಕೈಯಲ್ಲಿ ಹಿಡಿದೇ ಅಂದಾಜು ಹೇಳುತ್ತಾನೆ. ನಾನು ಅದನ್ನೇ ಬೋರ್ಡ್ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ.

ಸಣ್ಣ ಫೌಂಡ್ರಿ ಮಾಲೀಕರ ಭಯವೂ ಸುಮ್ನೆ ಅಲ್ಲ. ಕುದಿಯುವ ಲೋಹದ ಹತ್ತಿರ ಹೊಸ ಹುಡುಗರು ಬಂದು ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಹುಡುಗರಿಗೆ ಅಪಘಾತ ವಿಮೆ ಮಾಡಿಸಿ, ಅದರ ಖರ್ಚನ್ನು ಸರ್ಕಾರ ಹೊರಲಿ. ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಡಿಗ್ರಿ ಮುಗಿಸಿದವರ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಸರ್ಕಾರವೇ ಕೊಡುತ್ತದೆ. ಇನ್ನೂ ಓದುತ್ತಿರುವವರಿಗೂ ಅಂಥದ್ದೊಂದು ಏರ್ಪಾಡು ರಾಜ್ಯದಿಂದ ಆಗಬಹುದಲ್ವಾ?

2022ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಹುದ್ದೆಗೆ ದಾರಿ ಮಾಡಿತು. ಕ್ಷೇತ್ರದಲ್ಲಿ 15 ವರ್ಷ ಪಳಗಿದ ಹಿರಿಯರಿಗೆ ಪಿಎಚ್.ಡಿ. ಬೇಕಿಲ್ಲ. ಇದನ್ನು ದೊಡ್ಡ ಐಟಿ ಕಂಪನಿಯವರಿಗಷ್ಟೇ ಮೀಸಲಿಡಬೇಡಿ. ಊರಿನ ಕಾರ್ಖಾನೆಯವರನ್ನೂ ಕರೆಯಿರಿ.

ಇವೆಲ್ಲ ಆಗಲು ಹೊತ್ತು ಹಿಡಿಯುತ್ತದೆ, ಗೊತ್ತು. ಒಂದು ಕೆಲಸಕ್ಕೆ ಮಾತ್ರ ಬಜೆಟ್ ಬೇಡ. ವಿದ್ಯಾರ್ಥಿಯಿಂದ ಫೀ ಪಡೆದ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇಲ್ಲ ಎಂದು ಮುಂದಿನ ಸೆಮಿಸ್ಟರ್‌ಗೆ ಮುಂಚೆ ಒಂದು ಸುತ್ತೋಲೆ ಹೊರಡಿಸಿ.

ಇಂತಿ,
ಒಬ್ಬ ಉಪನ್ಯಾಸಕ, ಬೆಳಗಾವಿ