ಕೊಟ್ಟಿಗೆಯ ವೈದ್ಯರು ಸಂಸತ್ತಿನಲ್ಲಿ ಏನು ಮಾಡಿದರು?

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರವಾದಾಗಲೆಲ್ಲ ‘ವಿದ್ಯಾವಂತರು ರಾಜಕೀಯಕ್ಕೆ ಬರಬೇಕು’ ಎಂಬ ಪತ್ರಗಳು ವಾಚಕರ ಅಂಕಣಗಳಲ್ಲಿ ಕಾಣಿಸಿಕೊಳ್ಳುತ್ತವೆ. ವಕೀಲರು ಬಂದಿದ್ದಾರೆ, ಡಾಕ್ಟರುಗಳು ಬಂದಿದ್ದಾರೆ, ಎಂಜಿನಿಯರುಗಳೂ ಬಂದಿದ್ದಾರೆ. ಬಂದವರು ತಮ್ಮ ಕಸುಬಿನ ಅನುಭವವನ್ನು ಸದನದೊಳಕ್ಕೆ ಒಯ್ದರೋ, ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟರೋ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಹಳ್ಳಿಗಳಲ್ಲಿ ದನ ನೋಡಿಕೊಂಡೇ ನಿವೃತ್ತನಾದ ನಾನು ನನ್ನ ಕಸುಬಿನವರ ಮಾತನ್ನೇ ಎತ್ತಿಕೊಳ್ಳುತ್ತೇನೆ.

ಅಮೆರಿಕದ ಫ್ಲಾರಿಡಾದ ಟೆಡ್ ಯೋಹೊ ದನ, ಕುದುರೆಗಳನ್ನು ನೋಡುತ್ತಿದ್ದ ಪಶುವೈದ್ಯರು. 2012ರಲ್ಲಿ ರಿಪಬ್ಲಿಕನ್ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಗೆ ನಿಂತು, 1989ರಿಂದ ಸಂಸತ್ತಿನಲ್ಲಿ ಬೇರುಬಿಟ್ಟಿದ್ದ ಕ್ಲಿಫ್ ಸ್ಟರ್ನ್ಸ್ ಅವರನ್ನು ಸಾವಿರಕ್ಕೂ ಕಡಿಮೆ ಮತಗಳಿಂದ ಸೋಲಿಸಿದರು. ಅವರ ಪ್ರಚಾರದ ಜಾಹೀರಾತಿನಲ್ಲಿ ಸೂಟು ತೊಟ್ಟ ರಾಜಕಾರಣಿಗಳು ಹಂದಿಗಳ ನಡುವೆ ತೊಟ್ಟಿಗೆ ಮುಖ ಹಾಕಿದ್ದರು.

ಅವರನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಸರ್ಕಾರದ ಸಾಲದ ಮಿತಿಯನ್ನು ಏರಿಸದಿದ್ದರೆ ಜಗತ್ತಿನ ಮಾರುಕಟ್ಟೆಗೆ ಸ್ಥಿರತೆ ಬರುತ್ತದೆ ಎಂದು 2013ರಲ್ಲಿ ಹೇಳಿದವರು ಅವರು. 2020ರ ಜುಲೈನಲ್ಲಿ ಸಂಸತ್ತಿನ ಮೆಟ್ಟಿಲ ಮೇಲೆ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಅವರೊಂದಿಗೆ ನಡೆದುಕೊಂಡ ರೀತಿಗೆ ಇಡೀ ದೇಶದಿಂದ ಛೀಮಾರಿ ಹಾಕಿಸಿಕೊಂಡವರೂ ಅವರೇ. ಒದೆಯುವ ಹಸುವಿನ ಮುಂದೆ ತಾಳ್ಮೆ ಕಲಿತವರು ಸಹೋದ್ಯೋಗಿಯ ಮುಂದೆ ಅದನ್ನು ಕಳೆದುಕೊಂಡರು. ನಾಲ್ಕು ಅವಧಿ ಸಾಕು ಎಂದು ಮೊದಲೇ ಕೊಟ್ಟಿದ್ದ ಮಾತನ್ನು ಮಾತ್ರ ಉಳಿಸಿಕೊಂಡು 2021ರ ಜನವರಿಯಲ್ಲಿ ಹೊರನಡೆದರು.

ಆದರೂ ಅವರು ಸಂಸತ್ತಿಗೆ ಹೋಗಿದ್ದರಿಂದ ಒಂದು ಕೆಲಸವಾಯಿತು. ಅದರ ಬೆಲೆ ಗೊತ್ತಾಗಬೇಕಾದರೆ ಕೊಟ್ಟಿಗೆಯೊಳಗೆ ಬರಬೇಕು. ಕರು ಹಾಕಿದ ಮರುದಿನ ಹಸು ನೆಲ ಹಿಡಿದಿರುತ್ತದೆ. ಕತ್ತು ಪಕ್ಕೆಯ ಕಡೆ ತಿರುಗಿರುತ್ತದೆ, ಕಿವಿ ಮುಟ್ಟಿದರೆ ತಣ್ಣಗೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಬರುವ ಹಾಲುಜ್ವರ. ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಬೇಕು, ಅದೂ ನಿಧಾನವಾಗಿ. ಅವಸರ ಮಾಡಿದರೆ ಹೃದಯವೇ ನಿಂತೀತು. ಬಾಟಲಿ ಮುಗಿಯುವ ಹೊತ್ತಿಗೆ ಹಸು ತೇಗಿ, ಸಗಣಿ ಹಾಕಿ, ಎಷ್ಟೋ ಸಲ ನಮ್ಮ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಆ ಬಾಟಲಿ ಆಸ್ಪತ್ರೆಯ ಕಪಾಟಿನಲ್ಲೇ ಉಳಿದಿದ್ದರೆ ಹಸು ಬೆಳಗು ಕಾಣುವುದು ಅನುಮಾನ. ನಮ್ಮಲ್ಲಿ ರೋಗಿ ವೈದ್ಯರ ಬಳಿ ಬರುವುದಿಲ್ಲ, ವೈದ್ಯರೇ ಚೀಲ ಹೊತ್ತು ಹೋಗಬೇಕು.

ಕ್ಯಾಲ್ಸಿಯಂ ಒಯ್ಯಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಕಾಲು ಮುರಿದ ಕುದುರೆಯ ನೋವು ಇಳಿಸುವ, ಬದುಕದ ಪ್ರಾಣಿಗೆ ಸುಖದ ಸಾವು ಕೊಡುವ ಔಷಧಿಗಳ ಕಥೆ ಬೇರೆ. ಕೆಟಮಿನ್, ಪೆಂಟೊಬಾರ್ಬಿಟಲ್‌ನಂಥವು ನಿಯಂತ್ರಿತ ಪಟ್ಟಿಯಲ್ಲಿವೆ. ಅಮೆರಿಕದ 1970ರ ಕಾಯ್ದೆಯನ್ನು ಅಲ್ಲಿನ ಅಧಿಕಾರಿಗಳು ಅಕ್ಷರಶಃ ಓದಿ, ನೋಂದಾಯಿತ ವಿಳಾಸದ ಆಚೆಗೆ ಇವನ್ನು ಕೊಂಡೊಯ್ದು ಬಳಸುವಂತಿಲ್ಲ ಎಂದರು. ಹುಲ್ಲುಗಾವಲಿನಲ್ಲಿ ಬಿದ್ದ ಕುದುರೆಯನ್ನು ಎತ್ತಿಕೊಂಡು ನೋಂದಾಯಿತ ವಿಳಾಸಕ್ಕೆ ಬರುವುದೇ? ಯೋಹೊ ಮತ್ತು ಓರೆಗಾನ್‌ನ ಕರ್ಟ್ ಶ್ರೇಡರ್ ಸೇರಿ ಇದನ್ನು ಸರಿಪಡಿಸುವ ಮಸೂದೆ ತಂದರು. ಶ್ರೇಡರ್ ಡೆಮಾಕ್ರಟಿಕ್ ಪಕ್ಷದವರು, ಅವರೂ ಪಶುವೈದ್ಯರು. 2014ರ ಆಗಸ್ಟ್ 1ರಂದು ಒಬಾಮಾ ಸಹಿ ಹಾಕಿದರು. ಹಾವು ಮುಂಗುಸಿಯಂತಿದ್ದ ಎರಡು ಪಕ್ಷಗಳ ಇಬ್ಬರನ್ನು ಒಂದುಗೂಡಿಸಿದ್ದು ಔಷಧಿಯ ಚೀಲ!

ಕೆಟಮಿನ್ ನಮ್ಮಲ್ಲೂ 2013ರಲ್ಲಿ ಎಕ್ಸ್ ಅನುಸೂಚಿಗೆ, ಅಂದರೆ ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಗೆ ಸೇರಿತು. ಚೀಟಿ ಎರಡು ಪ್ರತಿ ಬೇಕು, ಅಂಗಡಿಯಲ್ಲಿ ಬೀಗದೊಳಗೆ ಇಡಬೇಕು. ದುರ್ಬಳಕೆ ತಡೆಯಲು ಅದು ಬೇಕಿತ್ತು, ತಕರಾರಿಲ್ಲ. ಹಳ್ಳಿಯ ಪಶುವೈದ್ಯರ ಪಾಡೇನು ಎಂಬ ಪ್ರಶ್ನೆಗೆ ದೆಹಲಿಯಲ್ಲಿ ದನಿ ಇರಬೇಕಿತ್ತು, ಅಷ್ಟೇ.

ನಮ್ಮ ಸಂಸತ್ತಿಗೂ ಪಶುವೈದ್ಯರೊಬ್ಬರು ಹೋಗಿದ್ದರು. ಹಿಸಾರ್‌ನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯಕೀಯ ಓದಿ ಡಾಕ್ಟರೇಟ್ ಪಡೆದ ಸಂಜೀವ್ ಬಾಲ್ಯಾನ್ 2014ರಲ್ಲಿ ಉತ್ತರ ಪ್ರದೇಶದ ಮುಜಫ್ಫರ್‌ನಗರದಿಂದ ಗೆದ್ದರು. 2019ರಿಂದ ಐದು ವರ್ಷ ಕೇಂದ್ರದಲ್ಲಿ ಪಶುಸಂಗೋಪನೆಯ ರಾಜ್ಯ ಸಚಿವರಾಗಿದ್ದರು. ಏನೂ ಆಗಲಿಲ್ಲ ಎನ್ನಲಾರೆ. ಕಾಲುಬಾಯಿ ಜ್ವರ ಮತ್ತು ದನಗಳು ಕಂದು ಹಾಕುವ ಬ್ರುಸೆಲ್ಲೋಸಿಸ್ ರೋಗದ ಲಸಿಕೆಯ 13,343 ಕೋಟಿ ರೂಪಾಯಿಯ ಕಾರ್ಯಕ್ರಮ ಆ ಅವಧಿಯಲ್ಲೇ ಶುರುವಾಯಿತು. 1962 ಸಂಖ್ಯೆಗೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳೂ ಬಂದವು. ನಮ್ಮ ಕರ್ನಾಟಕದ ರಸ್ತೆಗಳಲ್ಲೂ ಅವು ಓಡುತ್ತಿವೆ. ಇದರಲ್ಲಿ ರಾಜ್ಯ ಸಚಿವರ ಪಾಲೆಷ್ಟು, ಇಲಾಖೆಯ ಪಾಲೆಷ್ಟು ಎಂದು ಹೊರಗಿನವರು ಹೇಳುವುದು ಕಷ್ಟ.

ಲೆಕ್ಕ ನೋಡಿ. ಐದು ಸಾವಿರ ದನಕ್ಕೆ ಒಬ್ಬ ಪಶುವೈದ್ಯರಿರಬೇಕು ಎಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ಸಂಚಾರಿ ವಾಹನಕ್ಕೆ ಕೇಂದ್ರ ಇಟ್ಟ ಅಳತೆ ಲಕ್ಷ ಜಾನುವಾರಿಗೆ ಒಂದು. ಒಂದೇ ರಾತ್ರಿ ಎರಡು ಊರಲ್ಲಿ ಹಸುಗಳು ಈಯಲು ತಿಣುಕಿದರೆ ಆ ವಾಹನ ಯಾವ ಕಡೆ ತಿರುಗಬೇಕು? ಈ ಪ್ರಶ್ನೆಯನ್ನು ಒಳಗಿದ್ದು ಕೇಳಬಲ್ಲವರು ಕೊಟ್ಟಿಗೆ ಕಂಡವರೇ. ಬಾಲ್ಯಾನ್ 2024ರಲ್ಲಿ ಸೋತರು. ಮುಜಫ್ಫರ್‌ನಗರದ ಚುನಾವಣೆ ಎಂದರೆ ಜಾತಿಯ ಲೆಕ್ಕ, ಕಬ್ಬಿನ ಬಾಕಿ, 2013ರ ಕೋಮುಗಲಭೆಯ ಗಾಯ. ಅಲ್ಲಿ ಗೆದ್ದದ್ದಕ್ಕೂ ಸೋತದ್ದಕ್ಕೂ ಲಸಿಕೆ ಕಾರಣವಾಗಿರಲಿಲ್ಲ ಎಂದೇ ನನ್ನ ಎಣಿಕೆ.

ಕೃಷಿ, ಪಶುಸಂಗೋಪನೆಗೆಂದೇ ಸಂಸತ್ತಿನಲ್ಲಿ ಸ್ಥಾಯಿ ಸಮಿತಿಯೊಂದಿದೆ. ರಾಜ್ಯದ ಸಂಸದರು ಹಾಲಿನ ಸಂಘಗಳ ವೇದಿಕೆ ಹತ್ತಿದಾಗ ಲಕ್ಷಕ್ಕೊಂದು ವಾಹನದ ಈ ಮಾತನ್ನು ಆ ಸಮಿತಿಗೆ ಒಯ್ಯುವಿರಾ ಎಂದು ಕೇಳಬೇಕು. ಪಶುವೈದ್ಯರ ಸಂಘಗಳೂ ಅಷ್ಟೇ, ನಮ್ಮವರೊಬ್ಬರು ಗೆದ್ದರೆಂದು ಶಾಲು ಹೊದಿಸುವ ಮೊದಲು ಇಂಥ ಪ್ರಶ್ನೆಗಳ ಪಟ್ಟಿಯನ್ನು ಅವರ ಕೈಗಿಡಲಿ.

– ನಿವೃತ್ತ ಪಶುವೈದ್ಯಾಧಿಕಾರಿ, ತಿಪಟೂರು